ಗಂಧೆ ಎದ್ದ ವರ

ಖೂಬಾ ಪ್ಲಾಟ್ ಬಡಾವಣೆಯ ಶಿವಶರಣನಿಗೆ ಮೊದಲ ಗಂಧೆ ಎದ್ದದ್ದು ಗುರುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಎಡ ಮುಂಗೈಯ ಒಳಭಾಗದಲ್ಲಿ. ಅದು ಅಂಚಿನಲ್ಲಿ ಕೆಂಪಗೆ, ನಡುವೆ ಬೆಳ್ಳಗೆ, ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿತ್ತು ಮತ್ತು ವಿಪರೀತ ತುರಿಸುತ್ತಿತ್ತು. ಇಷ್ಟು ವಿವರ ಇಂದಿಗೂ ಉಳಿದಿರಲು ಕಾರಣವೆಂದರೆ, ಅವನು ತುರಿಸಿಕೊಳ್ಳುವ ಮೊದಲು ಅಳತೆಪಟ್ಟಿಯಿಟ್ಟು ಅಳೆದು ನೋಟಬುಕ್ಕಿನಲ್ಲಿ ಬರೆದುಕೊಂಡಿದ್ದನು. ಏಳು ಗಂಟೆಗೆ ಗಂಧೆಗಳು ಹನ್ನೊಂದಾದವು. ಏಳೂಕಾಲಿಗೆ ಹೊಟ್ಟೆಯ ಮೇಲಿನ ಎರಡು ಗಂಧೆಗಳು ಕೂಡಿಕೊಂಡು ಒಂದಾದ್ದರಿಂದ ಎಣಿಕೆಯಲ್ಲಿ ತೊಡಕುಂಟಾಯಿತು. ಇನ್ನು ಮುಂದೆ ಸಂಖ್ಯೆಯ ಬದಲು ವಿಸ್ತೀರ್ಣವನ್ನು ದಾಖಲಿಸುವುದೆಂದು ಅವನು ತೀರ್ಮಾನಿಸಿದನು.

ಶಿವಶರಣನು ರಸಾಯನಶಾಸ್ತ್ರದ ಪದವೀಧರ; ಕಲಬುರಗಿಯ ಒಂದು ಖಾಸಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ಜಗತ್ತಿನಲ್ಲಿ ನಡೆಯುವ ಪ್ರತಿಯೊಂದಕ್ಕೂ ಒಂದು ಕಾರಣವಿದೆ, ಸಾಕಷ್ಟು ಅಡ್ಡಗೆರೆ ಉದ್ದಗೆರೆಗಳನ್ನು ಎಳೆದರೆ ಆ ಕಾರಣವು ಯಾವುದಾದರೊಂದು ಮನೆಯಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಅವನ ದೃಢವಾದ ನಂಬಿಕೆ. ಈ ನಂಬಿಕೆಯಿಂದ ಅದುವರೆಗೆ ಎರಡು ಸಂಬಂಧಗಳು ಮುರಿದಿದ್ದವು. ಮೊದಲನೆಯ ಕನ್ಯೆಯ ಹೆಸರು ಕೇಳುವುದಕ್ಕೆ ಮುಂಚೆ ಅವನು ರಕ್ತದ ಗುಂಪು ಕೇಳಿದ್ದನು. ಎರಡನೆಯ ಕನ್ಯೆಯ ತಂದೆ ಬರೆಸಿಕೊಂಡು ಬಂದ ಕುಂಡಲಿಯಲ್ಲಿ ಕೂಡಿಸುವಲ್ಲಿ ಆಗಿದ್ದ ಮೂರು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟಿದ್ದನು.

ಮೂರನೆಯದು ಕಮಲಾಪುರದ ಮಲ್ಲಿಕಾ. ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಹೇಳುವ ಶಿಕ್ಷಕಿ. ನೋಡಲು ಹೋದಾಗ ಶಿವಶರಣನು, ನಿಮಗೆ ಇಷ್ಟವಾದ ಸಂಖ್ಯೆ ಯಾವುದೆಂದು ಕೇಳಿದನು. ಅವಳು ಚಹಾದ ತಾಟು ಕೆಳಗಿಡುತ್ತ, "ಸೊನ್ನಿ. ಕೂಡಿಸಿದ್ರ ಯಾರಿಗೂ ತ್ರಾಸಿಲ್ಲ, ಗುಣಿಸಿದ್ರ ಯಾರೂ ಉಳಿಯಂಗಿಲ್ಲ," ಎಂದಳು. ಅದಾದ ಮೂರು ದಿನ ಶಿವಶರಣನು ಪ್ರಯೋಗಾಲಯದ ಬಾಟಲಿಗಳಿಗೆ ತಪ್ಪು ಚೀಟಿ ಅಂಟಿಸಿದನು. ಈ ಸಂಬಂಧವೂ ತಪ್ಪಿದರೆ ಬದುಕಿನಲ್ಲಿ ತನಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲವೆಂದು ಅವನಿಗೆ ಖಚಿತವಾಗಿತ್ತು. ಮದುವೆಯ ಮಾತುಕತೆಗೆ ಶನಿವಾರ ಕಮಲಾಪುರಕ್ಕೆ ಹೋಗಬೇಕಿತ್ತು. ಗಂಧೆ ಎದ್ದದ್ದು ಅದರ ಹಿಂದಿನ ಗುರುವಾರ.

"ಪಿತ್ತ ಎದ್ದಾವ," ಎಂದರು ತಾಯಿ ಶಾರದಾಬಾಯಿ, ಮಗನ ಬೆನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ. "ಖಾಲಿ ಹೊಟ್ಟಿಲೆ ಚಾ ಕುಡಿಬ್ಯಾಡ ಅಂತ ಎಷ್ಟ್ ಸಲ ಹೇಳಬೇಕು?"

"ಅವ್ವಾ, ಪಿತ್ತ ಅನ್ನೋದು ಯಕೃತ್ತಿನ್ಯಾಗ ಇರ್ತದ. ಅದು ಚರ್ಮಕ್ಕ ಬರಂಗಿಲ್ಲ. ಇದು ಹಿಸ್ಟಮಿನ್ ಅಂತ."

"ಹೆಸರು ಯಾವ್ದರ ಇಡು. ಇಳಿಸೋದು ಕಂಬಳಿನೇ."

ಶಾರದಾಬಾಯಿಯವರು ಕರಿ ಕಂಬಳಿಯಿಂದ ಮಗನ ಮೈಯನ್ನು ಇಪ್ಪತ್ತು ನಿಮಿಷ ಉಜ್ಜಿ, ಆ ಮೇಲೆ ಜಾಜು ಕಲಸಿ ಕುತ್ತಿಗೆಯಿಂದ ಮೊಣಕಾಲಿನವರೆಗೆ ಬಳಿದರು. ಜಾಜು ಎಂದರೆ ಗೋಡೆಯ ಅಂಚಿಗೆ ಬಳಿಯುವ ಕೆಮ್ಮಣ್ಣು. ಅದು ಒಣಗಲೆಂದು ಶಿವಶರಣನು ಅಂಗಳದಲ್ಲಿ ಕೈಗಳನ್ನು ಅಗಲಿಸಿ ನಿಂತನು.

ಪಕ್ಕದ ಮನೆಯ ಇಮಾಮಬಿ ಕಂಪೌಂಡಿನ ಮೇಲಿಂದ ನೋಡಿದರು. "ಶಾರದಾಬಾಯಿ, ಮಗಗ ಯಾಕ ಬಣ್ಣ ಹೊಡದೀರಿ?"

"ಪಿತ್ತ ಎದ್ದಾವ್ರಿ. ಶನಿವಾರ ಮಾತುಕತಿ ಅದ, ಅದರಾಗ ಇದು."

"ಅರೆ, ಶಾದಿ ಅಂದ್ರ ಹಂಗೇ ಆಗ್ತದ. ನಮ್ಮ ಮಂಜೂರ್‌ಗೂ ನಿಕಾಹ್‌ಕ್ಕ ಮುಂಚೆ ಹಿಂಗೇ ಪಿತ್ತಿ ಎದ್ದಿತ್ತು. ಆಮ್ಯಾಲ ಬಂದ್ ಆಯ್ತು. ಈಗ ಅವನ ಬೀವಿಗೆ ಏಳ್ತದ."

ಶಿವಶರಣನು ಒಳಗೆ ಹೋಗಿ 'ಸಂಶಯಿತ ಕಾರಣಗಳು' ಎಂಬ ಪಟ್ಟಿಯಲ್ಲಿ 'ವಿವಾಹ' ಎಂದು ಸೇರಿಸಿದನು.

ಸಂಜೆ ಅವನು ಸ್ಟೇಶನ್ ಬಜಾರದಲ್ಲಿರುವ ಔಷಧಿ ಅಂಗಡಿಗೆ ಹೋದನು. ಅಂಗಡಿಯ ಮಾಲೀಕ ಸಿಕಂದರ್ ಅವನ ಶಾಲಾದಿನಗಳ ಗೆಳೆಯ.

"ಇದು ತಗೋ ಭಾಯ್. ಹಳೇ ಗುಳಿಗಿ. ಒಂದ್ ತಾಸಿನ್ಯಾಗ ಗಂಧಿ ಸಾಫ್. ಜರಾ ನಿದ್ದಿ ಬರ್ತದ."

"ಜರಾ ಅಂದ್ರ ಎಷ್ಟು?"

"ಜರಾ ಅಂದ್ರ ಜರಾ."

"ನಿಮಿಷದಾಗ ಹೇಳು."

"ಹಂಗ ಅಳತಿ ಇಲ್ಲ ಯಾರ್. ನಮ್ಮ ಮಾಮಾಗ ಒಂದು ಕೊಟ್ಟಿದ್ದೆ. ಹೈದ್ರಾಬಾದಿಂದ ಕಲಬುರಗಿಗೆ ಬರೋರು ಸೊಲ್ಲಾಪುರದಾಗ ಎದ್ದ್ರು."

ಈ ಮಾಹಿತಿಯು ನಿಖರವಾಗಿಲ್ಲವೆಂಬ ಕಾರಣಕ್ಕೆ ಶಿವಶರಣನು ಅದನ್ನು ದಾಖಲಿಸಿಕೊಳ್ಳಲಿಲ್ಲ. ಅವನ ಮುಂದಿನ ದುರ್ಗತಿಯೆಲ್ಲವೂ ಈ ಒಂದು ಲೋಪದಿಂದ ಹುಟ್ಟಿತು.

ಶನಿವಾರ ಮನೆ ಬಿಡುವಾಗ ಅವನು ಒಂದು ಗುಳಿಗೆ ನುಂಗಿದನು. ಕಮಲಾಪುರದ ಬಸ್ಸಿನಲ್ಲಿ ಕಾಲರಿನ ಕೆಳಗೆ ಏನೋ ತುರಿಸಿದಂತಾದ್ದರಿಂದ ಮುಂಜಾಗ್ರತೆಯಾಗಿ ಇನ್ನೊಂದು ನುಂಗಿದನು. ಮಲ್ಲಿಕಾಳ ತಂದೆ ಸೂಗಪ್ಪನವರ ಮನೆ ತಲುಪುವ ಹೊತ್ತಿಗೆ ಮೈಮೇಲೆ ಒಂದೇ ಒಂದು ಗಂಧೆಯಿರಲಿಲ್ಲ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವನು ಒಂದು ಚಪ್ಪಲಿಯನ್ನು ಬಿಟ್ಟು, ಇನ್ನೊಂದನ್ನು ಮೆಟ್ಟಿಕೊಂಡೇ ಒಳಗೆ ಹೋದನು.

ಸೂಗಪ್ಪನವರು ಕೆಂಪು ಬಾಳೆಹಣ್ಣಿನ ಸಗಟು ವ್ಯಾಪಾರಿ. ಕಮಲಾಪುರದ ಕೆಂಪು ಬಾಳೆಯೆಂದರೆ ಊರ ಹೆಸರಿನಲ್ಲೇ ಸರ್ಕಾರದ ಮಾನ್ಯತೆ ಪಡೆದ ಹಣ್ಣು. ಅದರ ಬಗ್ಗೆ ಮಾತನಾಡುವಾಗ ಸೂಗಪ್ಪನವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ ತಂಗಿ ವಿದ್ಯಾವತಿ ಕುಳಿತಿದ್ದರು. ದಿವಂಗತ ಪತಿಯ ಕುಡಿತವನ್ನು ಇಪ್ಪತ್ತೆರಡು ವರ್ಷ ಹತ್ತಿರದಿಂದ ಕಂಡಿದ್ದ ಅವರನ್ನು ಆ ಮನೆಯಲ್ಲಿ ಈ ವಿಷಯದ ತಜ್ಞರೆಂದು ಪರಿಗಣಿಸಲಾಗುತ್ತಿತ್ತು.

"ಕೆಲಸ ಏನ್ ಮಾಡ್ತೀರಿ ಅಂದ್ರಿ?" ಎಂದು ಸೂಗಪ್ಪನವರು ಆರಂಭಿಸಿದರು.

"ಪ್ರಯೋಗಾಲಯದಾಗ… ದ್ರಾವಣ…" ಎಂದನು ಶಿವಶರಣ. ಅವನ ತಲೆ ಎದೆಗೆ ಬಾಗಿ ಮತ್ತೆ ಮೇಲೆದ್ದಿತು. "ದ್ರಾವಣ ತಯಾರ್ ಮಾಡ್ತೀನ್ರಿ."

"ಛಲೋ. ಪಗಾರ ಎಷ್ಟು ಬರ್ತದ?"

"ನೂರು ಮಿಲಿ," ಎಂದನು ಶಿವಶರಣ, ಕಣ್ಣು ಮುಚ್ಚಿ.

ಶಾರದಾಬಾಯಿ ಮಗನ ತೊಡೆಯನ್ನು ಚಿವುಟಿದರು. ಅವನು ಕಣ್ಣು ತೆರೆದು ಎಲ್ಲರನ್ನೂ ನೋಡಿ ನಕ್ಕು, ಸೂಗಪ್ಪನವರ ಹೆಗಲಿನ ಮೇಲೆ ತಲೆಯಿಟ್ಟನು. ಅನಂತರ ಗೊರಕೆ ಕೇಳಿಸಿತು. ಸೂಗಪ್ಪನವರು ಅತಿಥಿಯೆಂಬ ಗೌರವದಿಂದ ಸ್ವಲ್ಪ ಹೊತ್ತು ಅಲುಗಾಡಲಿಲ್ಲ.

ವಿದ್ಯಾವತಿಯವರು ಎದ್ದು ಬಂದು, ವರನ ಎಡಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದರು. ಬಾಯಿಯ ಹತ್ತಿರ ಮೂಗು ಒಯ್ದರು.

"ವಾಸನಿ ಇಲ್ಲ," ಎಂದರು.

"ಮತ್ತ?" ಎಂದರು ಸೂಗಪ್ಪ, ಹೆಗಲು ಅಲ್ಲಾಡಿಸದೆ.

"ಅದೇ ಅಂತೀನಿ. ವಾಸನಿ ಬರ್ಲಾರದಂಗ ಕುಡಿಯವ ಹೊಸಬ ಅಲ್ಲ. ನಮ್ಮ ಯಜಮಾನ್ರು ಹದಿನೈದನೇ ವರ್ಷಕ್ಕ ಕಲ್ತಿದ್ರು."

"ಎವ್ವಾ, ನನ್ನ ಮಗ ಅಂಥವ ಅಲ್ರೀ," ಎಂದರು ಶಾರದಾಬಾಯಿ. "ಪಿತ್ತ ಎದ್ದಾವ ಅಂತ ಗುಳಿಗಿ ತಗೊಂಡಾನ."

"ಎಲ್ಲಿ ಅದಾವ ಪಿತ್ತ? ತೋರಸ್ರಿ."

ಶಾರದಾಬಾಯಿ ಮಗನ ತೋಳು ಏರಿಸಿದರು, ಬೆನ್ನು ತೋರಿಸಿದರು, ಹೊಟ್ಟೆ ತೋರಿಸಿದರು. ಎಲ್ಲವೂ ನುಣುಪಾಗಿತ್ತು. ಔಷಧವು ತನ್ನ ಕರ್ತವ್ಯವನ್ನು ಅಷ್ಟು ಪ್ರಾಮಾಣಿಕವಾಗಿ ನಿರ್ವಹಿಸಿತ್ತು.

ಸೋಮವಾರ ಕಮಲಾಪುರದಿಂದ ಸುದ್ದಿ ಬಂತು: ಹುಡುಗ ಹಗಲಿನಲ್ಲೇ ಕುಡಿಯುತ್ತಾನೆ, ಅಳತೆಯನ್ನೂ ಬಾಯಿ ಬಿಟ್ಟು ಹೇಳಿದ್ದಾನೆ, ಸಂಬಂಧ ಬೇಡ.

ಶಾರದಾಬಾಯಿ ಊಟ ಬಿಟ್ಟರು. ಶಿವಶರಣನು ಬಿಡಲಿಲ್ಲ, ಊಟವು ಪ್ರಯೋಗದ ಭಾಗವಾಗಿತ್ತು. ತಪ್ಪು ತಿಳಿವಳಿಕೆಯನ್ನು ಸಾಕ್ಷ್ಯದಿಂದ ಮಾತ್ರ ನಿವಾರಿಸಬಹುದು, ಆದ್ದರಿಂದ ಭಾನುವಾರ ಗಂಧೆಗಳ ಸಮೇತ ಕಮಲಾಪುರಕ್ಕೆ ಹೋಗಿ ತೋರಿಸುವುದೆಂದು ಅವನು ನಿರ್ಧರಿಸಿದ್ದನು. ಗುಳಿಗೆ ನಿಲ್ಲಿಸಿದನು. ಗಂಧೆ ಏಳಿಸಬಲ್ಲ ಇಪ್ಪತ್ಮೂರು ಕಾರಣಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಮೈಮೇಲೆ ಪ್ರಯೋಗಿಸಿದನು. ಮಂಗಳವಾರ ಮೂರು ಹೊತ್ತು ಬದನೆಕಾಯಿ ತಿಂದನು. ಬುಧವಾರ ಅರ್ಧ ಕಿಲೋ ಶೇಂಗಾ. ಗುರುವಾರ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಸ್ನಾನ. ಶುಕ್ರವಾರ ಸೊಂಟದ ಪಟ್ಟಿಯನ್ನು ಎರಡು ತೂತು ಬಿಗಿಯಾಗಿ ಕಟ್ಟಿಕೊಂಡು ಕಾಲೇಜಿಗೆ ಹೋಗಿ, ಮಧ್ಯಾಹ್ನ ಪ್ರಾಂಶುಪಾಲರು ಮಾತನಾಡಿಸಿದಾಗ ಕೀಚಲು ಧ್ವನಿಯಲ್ಲಿ ಉತ್ತರಿಸಿದನು. ಯಾವುದರಿಂದಲೂ ಒಂದು ಚುಕ್ಕೆ ಏಳಲಿಲ್ಲ. ಶನಿವಾರ ಬೆವರಿನಿಂದ ಗಂಧೆ ಏಳುವುದುಂಟೆಂದು ನೆನಪಾಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಕೋಟೆಯ ಸುತ್ತ ಓಡಿದನು.

ಮೂರನೆಯ ಸುತ್ತಿನಲ್ಲಿ ಕೋಟೆಯ ಕಾವಲುಗಾರನು ಅವನನ್ನು ತಡೆದನು. "ಯಾಕ ಓಡಾಕತ್ತೀರಿ ಸರ್? ಯಾರರ ಬೆನ್ನ ಹತ್ಯಾರೇನು?"

"ಇಲ್ರೀ. ಗಂಧಿ ಏಳ್ಲಿ ಅಂತ."

ಕಾವಲುಗಾರನು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದನು. "ನೆಳ್ಳಿಗೆ ಕೂಡ್ರಿ," ಎಂದನು. "ಮನಿಯವರದು ನಂಬರ್ ಇದ್ರ ಹೇಳ್ರಿ."

ಭಾನುವಾರ ಶಿವಶರಣನು ನುಣುಪಾದ ಮೈಯಲ್ಲೇ ಕಮಲಾಪುರಕ್ಕೆ ಹೋದನು. ಸಾಕ್ಷ್ಯವಿಲ್ಲದ್ದರಿಂದ ಒಂದು ಚಿತ್ರವನ್ನು ಬರೆದುಕೊಂಡು ಹೋಗಿದ್ದನು. ಸೂಗಪ್ಪನವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಗಿರಾಕಿಗಳಿಗೆ ಹಣ್ಣು ತೂಗುತ್ತಿದ್ದರು. ಬಾಗಿಲಿಗೆ ಬಂದವರು ಯಾರೇ ಆಗಲಿ, ಹಣ್ಣು ಕೊಡದೆ ಮಾತನಾಡಿಸುವುದು ಆ ಮನೆಯ ಪದ್ಧತಿಯಲ್ಲ. ಮುರಿದ ಸಂಬಂಧದ ವರನಿಗೂ ಅವರು ಮುಖ ತಿರುಗಿಸಿಕೊಂಡೇ ಒಂದು ಕೆಂಪು ಬಾಳೆಹಣ್ಣು ಕೊಟ್ಟರು. ಅದನ್ನು ತಿನ್ನುತ್ತ ಶಿವಶರಣನು ಚಿತ್ರವನ್ನು ಬಿಡಿಸಿ ಹಿಡಿದನು.

"ಇವು ನೋಡ್ರಿ ಮಾವ್ರ, ಚರ್ಮದ ಕೆಳಗ ಇರೋ ಕಣಗಳು. ಇವು ಚೀಲ ಇದ್ದಂಗ. ಇವುಗಳಿಗೆ ಗಾಬರಿ ಆತಂದ್ರ ಒಳಗಿನ ಹಿಸ್ಟಮಿನ್ ಹೊರಗ ಚೆಲ್ತಾವ. ಆವಾಗ ಸಣ್ಣ ರಕ್ತನಾಳ ಸೋರಿ ಚರ್ಮ ಉಬ್ಬತದ. ಅದೇ ಗಂಧಿ."

"ಯಾಕ ಗಾಬರಿ ಆಗ್ತಾವ?"

"ಅದನ್ನೇ ಹುಡುಕಾಕತ್ತೀನ್ರಿ."

ಈ ಮಾತು ಮುಗಿಯುವಷ್ಟರಲ್ಲಿ ಅವನ ಕೆಳದುಟಿ ಭಾರವಾಯಿತು. ಕುತ್ತಿಗೆ ಕಾವೇರಿತು. ಅಂಗಿಯ ತೋಳಿನಿಂದ ಹೊರಗೆ, ಗಿರಾಕಿಗಳೆಲ್ಲರ ಕಣ್ಣೆದುರಿಗೆ, ಗಂಧೆಗಳು ಒಂದರ ಹಿಂದೊಂದು ಮೆರವಣಿಗೆ ಹೊರಟವು. ಐದು ದಿನ ಏನೆಲ್ಲ ಮಾಡಿ ಬೇಡಿಕೊಂಡರೂ ಬಾರದಿದ್ದವು ಈಗ ಬಂದಿದ್ದವು. ಶಿವಶರಣನ ಮುಖದಲ್ಲಿ ಬಾತುಕೊಳ್ಳದೆ ಉಳಿದಿದ್ದ ಭಾಗವು ಆನಂದದಿಂದ ಅರಳಿತು.

"ಬಂದವು. ಮುಟ್ಟಿ ನೋಡ್ರಿ ಮಾವ್ರ," ಎಂದು ಕೈ ಮುಂದೆ ಮಾಡಿದನು.

ಇಡೀ ಕಟ್ಟೆ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

"ಮುಟ್ಟಬ್ಯಾಡ್ರಿ ಯಾರೂ," ಎಂದರು ಒಳಗಿನಿಂದ ಬಂದ ವಿದ್ಯಾವತಿ. "ಕುಡಿತನೂ ಅದ, ಅಂಟುರೋಗನೂ ಅದ."

"ಅಂಟಂಗಿಲ್ರೀ ಅತ್ತಿ."

"ಹಂಗಾರ ಯಾತಕ್ಕ ಬಂತು ಹೇಳು."

ಇಲ್ಲಿ ಬೇರೆ ಯಾರೇ ಆಗಿದ್ದರೂ ಬಿಸಿಲನ್ನೋ ಬಸ್ಸನ್ನೋ ದೂರುತ್ತಿದ್ದರು. ಶಿವಶರಣನು ವಿಜ್ಞಾನದ ಪದವೀಧರ. ಕೈಯಲ್ಲಿದ್ದ ಸಿಪ್ಪೆಯನ್ನು ನೋಡಿ, "ಈಗಿನ ಮಟ್ಟಿಗೆ ಬಾಳಿಹಣ್ಣನ್ನ ಸಂಶಯದಿಂದ ಹೊರಗ ಇಡಾಕ ಆಗಂಗಿಲ್ರೀ," ಎಂದನು.

ತೂಕ ಮಾಡಿಸಿಕೊಳ್ಳುತ್ತಿದ್ದ ಗಿರಾಕಿಯೊಬ್ಬನು ಚಿಪ್ಪನ್ನು ಮೆಲ್ಲಗೆ ಬುಟ್ಟಿಗೆ ವಾಪಸು ಇಟ್ಟನು. ಆ ಸದ್ದು ಎಲ್ಲರಿಗೂ ಕೇಳಿಸಿತು.

"ನನ್ನ ಹಣ್ಣು ಹೈದ್ರಾಬಾದ್ ತನಾ ಹೋಗ್ತದ," ಎಂದರು ಸೂಗಪ್ಪ, ತೀರ ತಗ್ಗಿದ ದನಿಯಲ್ಲಿ. "ಕೂಸಿಗೆ ತಿನ್ನಸ್ತಾರ, ಬಾಣಂತಿಗೆ ತಿನ್ನಸ್ತಾರ. ಇವತ್ತಿನ ತನಾ ಒಬ್ಬನರ ಕೆರಕೋತ ವಾಪಸ್ ಬಂದಿಲ್ಲ. ನೀ ಕುಡೀತಿ ಅಂದ್ರ ನಾ ಸುಮ್ನಿದ್ದೆ. ರೋಗ ಅದ ಅಂದ್ರೂ ಸುಮ್ನಿರ್ತಿದ್ದೆ. ಹಣ್ಣಿಗೆ ಕೆಟ್ಟ ಹೆಸರಿಟ್ಟಿ. ನಡಿ ಇಲ್ಲಿಂದ."

ಸೋಮವಾರ ಶಿವಶರಣನು ಕಲಬುರಗಿಯ ಚರ್ಮವೈದ್ಯೆ ಗೌಸಿಯಾ ಅವರ ಮುಂದೆ ಮೂರು ರಕ್ತಪರೀಕ್ಷೆಗಳ ವರದಿ ಅಂಟಿಸಿದ್ದ ನಲವತ್ತೊಂದು ಪುಟಗಳ ನೋಟಬುಕ್ಕನ್ನು ಇಟ್ಟನು. ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು; ಹೊರಗೆ ಕಾಯುತ್ತಿದ್ದ ರೋಗಿಗಳು ಎರಡು ಸಲ ಬಾಗಿಲು ತಟ್ಟಿದರು.

"ಇಷ್ಟು ಚಂದ ಬರದಿದ್ದು ನಾ ಎಲ್ಲೂ ನೋಡಿಲ್ಲ," ಎಂದರು. "ಇದರಾಗ ಏನೂ ಇಲ್ಲ."

"ಬಾಳಿಹಣ್ಣು?"

"ಆಮ್ಯಾಲ ನಿನ್ನಿ ಸಂಜಿಕ ಎರಡು, ಇವತ್ತು ಮುಂಜಾನಿ ಮತ್ತೊಂದು ತಿಂದೀರಿ ಅಂತ ನೀವೇ ಬರದೀರಿ. ಏನೂ ಆಗಿಲ್ಲ. ಹಣ್ಣಿಂದೇನೂ ತಪ್ಪಿಲ್ಲ. ಅದು ತಿಂದ ಹೊತ್ತಿಗೆ ಗಂಧಿ ಏಳೋ ಹೊತ್ತೂ ಕೂಡಿ ಬಂದದ, ಅಷ್ಟೇ."

"ಹಂಗಾರ ಕಾರಣ ಏನ್ರಿ ಮೇಡಂ?"

"ತಿಳಿಯಂಗಿಲ್ಲ."

"ಇನ್ನೊಂದು ರಕ್ತಪರೀಕ್ಷೆ ಮಾಡಿದ್ರ?"

"ಬ್ಯಾಡ್ರಿ. ಕೆಲವರಿಗೆ ಔಷಧದಿಂದ ಬರ್ತದ, ಕೆಲವರಿಗೆ ತಿನ್ನೋದ್ರಿಂದ, ಕೆಲವರಿಗೆ ಜ್ವರ ನೆಗಡಿ ಬಂದು ಹೋದ ಮ್ಯಾಲ. ಹುಡುಕಿದ್ರೂ ಸಿಗಲಾರದವರೇ ಭಾಳ ಮಂದಿ. ನಿಮ್ಮದು ಹಂಗದ. ತಾನಾಗಿ ಏಳ್ತದ, ಕೆಲವು ತಾಸಿನ್ಯಾಗ ತಾನಾಗಿ ಇಳೀತದ. ನಾಲಿಗಿ ಬಾತು ಉಸಿರಾಡಾಕ ತ್ರಾಸಾದ್ರ ಮಾತ್ರ ಸೀದಾ ದವಾಖಾನಿಗೆ ಬರಬೇಕು. ಇಲ್ಲಾಂದ್ರ ಈ ಗುಳಿಗಿ ದಿನಾ ಒಂದು. ಇದರಿಂದ ಹಂಗ ನಿದ್ದಿ ಬರಂಗಿಲ್ಲ. ಕೆರಕೋಬ್ಯಾಡ್ರಿ. ನೋಟಬುಕ್ ಬರಿಯೋದು ಬಂದ್ ಮಾಡ್ರಿ."

ಜಲಜನಕವೆಂಬುದು ಇಲ್ಲವೇ ಇಲ್ಲ ಎಂದು ಹೇಳಿಸಿಕೊಂಡವನಂತೆ ಶಿವಶರಣನು ಬಹಳ ಹೊತ್ತು ಕುರ್ಚಿಯಲ್ಲಿ ಕುಳಿತಿದ್ದನು. ಕೊನೆಗೆ, ಇದನ್ನೇ ಬರೆದುಕೊಡಿ ಎಂದು ಕೇಳಿಕೊಂಡನು. ವೈದ್ಯೆ ಬರೆದರು: 'ಇದು ಅಂಟುರೋಗವಲ್ಲ. ಕಾರಣ ಪತ್ತೆಯಾಗಿಲ್ಲ.' ಅವನು ಕೆಳಗೆ ದಿನಾಂಕ ಹಾಕಿಸಿ, ಅದರ ಚಿತ್ರವನ್ನು ಮಲ್ಲಿಕಾಳ ಮೊಬೈಲಿಗೆ ಕಳಿಸಿದನು. ಎರಡು ದಿನಗಳ ಮೇಲೆ ಅವಳೇ ಫೋನು ಮಾಡಿದಳು.

"ಅಪ್ಪಗ ಓದಿ ಹೇಳ್ದೆ," ಎಂದಳು. "ಅಂಟುರೋಗ ಅಲ್ಲ ಅನ್ನೋ ತನಾ ಛಲೋ ಕೇಳಾಕತ್ತಿದ್ರು. ಕಾರಣ ಪತ್ತೆ ಆಗಿಲ್ಲ ಅಂದ ಕೂಡ್ಲೆ ಕನ್ನಡಕ ತಗದಿಟ್ರು. ಕುಡೀತಾನ ಅಂದ್ರ ಬಿಡಸಬಹುದು, ರೋಗ ಅಂದ್ರ ವಾಸಿ ಮಾಡಸಬಹುದು, ಕಾರಣನೇ ಇಲ್ಲ ಅಂದ್ರ ಯಾವ ಬಾಗಿಲಿಗೆ ಹೋಗೋಣು ಅಂತಾರ."

"ಆದರ ಖರೇ ಅದೇ ಅದರೀ."

"ನನಗ ಗೊತ್ತದ. ನೀವು ಕುಡಿಯಂಗಿಲ್ಲ ಅಂತನೂ ಗೊತ್ತದ. ಕುಡಿದವರು ಇಷ್ಟು ಬರೋಬರಿ ಪಟ್ಟಿ ಬರಿಯಂಗಿಲ್ಲ." ಅವಳು ದನಿ ತಗ್ಗಿಸಿದಳು. "ಬರೋ ಸೋಮವಾರ ಮಠದ ಅಪ್ಪೋರು ಜೋಳಿಗಿ ಹಿಡ್ಕೊಂಡು ನಮ್ಮ ಊರಿಗೆ ಬರ್ತಾರ. ನೀವು ಬಂದು ಅದರಾಗ ಕುಡಿತ ಹಾಕಿಬಿಡ್ರಿ."

"ಇಲ್ಲದ್ದನ್ನ ಹೆಂಗ ಹಾಕ್ಲಿ?"

"ಇಲ್ಲದ್ದು ಬಿಡೋದು ಹಗುರ ಅಲ್ಲೇನ್ರಿ? ನಮ್ಮ ಮಂದಿಗೆ ಕುಡಿತ ಅಂದ್ರ ತಿಳೀತದ. ಪಿತ್ತ ತಿಳಿಯಂಗಿಲ್ಲ. ಬಿಟ್ಟೆ ಅಂದ್ರ ನಾಳೆನೇ ತಿಥಿ ತಗೀತಾರ. ಇಲ್ಲಾ ನೀವು ಖರೇ ಹೇಳ್ಕೋತ ಖೂಬಾ ಪ್ಲಾಟಿನ್ಯಾಗ ಕೂಡ್ರಿ, ನಾ ಇಲ್ಲಿ ಕೂಡ್ತೀನಿ."

ಶಿವಶರಣನು ಇದಕ್ಕೆ ಎದುರಾಗಿ ಮಂಡಿಸಬಹುದಾದ ವಾದಗಳನ್ನು ಬರೆದುಕೊಳ್ಳಲು ಕುಳಿತನು. ಅವು ಹದಿನಾಲ್ಕು ಇದ್ದವು. ಯಾವುದರ ಕೊನೆಯಲ್ಲೂ ಮಲ್ಲಿಕಾ ಇರಲಿಲ್ಲ.

ಆ ಮಠದ ಸ್ವಾಮಿಗಳು ವರ್ಷಕ್ಕೊಮ್ಮೆ ಜೋಳಿಗೆ ಹಿಡಿದು ಬರುವುದು ಧಾನ್ಯಕ್ಕಲ್ಲ. ಭಕ್ತರ ದುಶ್ಚಟಗಳನ್ನು ಬೇಡುವುದಕ್ಕೆ. ಬಿಡುವವರು ತಮ್ಮ ಗುಟಕಾ ಚೀಟಿಯನ್ನೋ ಬೀಡಿಯ ಕಟ್ಟನ್ನೋ ಎಲ್ಲರೆದುರು ಜೋಳಿಗೆಗೆ ಹಾಕಿ ಆಣೆ ಮಾಡುತ್ತಾರೆ. ಸೋಮವಾರ ಸೂಗಪ್ಪನವರ ಕಟ್ಟೆಯ ಮುಂದೆ ಅರವತ್ತು ಜನ ಸೇರಿದ್ದರು. ಶಿವಶರಣನ ಸರದಿ ಬಂತು.

"ಏನ್ ಹಾಕ್ತೀಯಪ್ಪಾ?" ಎಂದರು ಸ್ವಾಮಿಗಳು.

"ಕುಡಿತ ಹಾಕ್ತೀನ್ರಿ ಅಪ್ಪೋರೆ."

"ಎಷ್ಟು ದಿವಸದಿಂದ ಅದ?"

ಇದಕ್ಕೆ ಮಲ್ಲಿಕಾ ಉತ್ತರ ಹೇಳಿಕೊಟ್ಟಿರಲಿಲ್ಲ. ಅಂದಾಜಿನಲ್ಲಿ ಮಾತನಾಡುವುದು ಶಿವಶರಣನ ಸ್ವಭಾವಕ್ಕೆ ಒಗ್ಗದು. "ಆರು ವರ್ಷ ನಾಲ್ಕು ತಿಂಗಳಿಂದ್ರಿ."

"ದಿನಾ ಎಷ್ಟು ಕುಡೀತಿ?"

ಅವನಿಗೆ ಗೊತ್ತಿದ್ದದ್ದು ಪ್ರಯೋಗಾಲಯದ ಗಾಜಿನ ಪಾತ್ರೆಗಳ ಅಳತೆ ಮಾತ್ರ. "ಐದು ನೂರು ಮಿಲಿ. ಅಮಾಸಿ ದಿವಸ ಒಂದು ಲೀಟರ್."

ಗುಂಪಿನಲ್ಲಿ ಕೆಲವರು ಗೌರವದಿಂದ ಟೋಪಿ ತೆಗೆದರು. ಅವನ ಹಿಂದೆ ಸಾಲಿನಲ್ಲಿದ್ದ ಅನುಭವಿಯೊಬ್ಬನು, "ಹಂಗಾರ ನಂದೇನೂ ಚಟನೇ ಅಲ್ಲ ಬಿಡ್ರಿ," ಎಂದು ಮನೆಗೆ ಹೊರಟುಹೋದನು.

"ಬರೇ ಮಾತು ಹಾಕಿದ್ರ ನಡಿಯಂಗಿಲ್ಲ," ಎಂದರು ವಿದ್ಯಾವತಿ. "ವಸ್ತು ಹಾಕಬೇಕು." ಶಿವಶರಣನ ಅಂಗಿಯ ಕಿಸೆಗೆ ಕೈಹಾಕಿ, ಗೌಸಿಯಾ ಅವರು ಬರೆದುಕೊಟ್ಟಿದ್ದ ಗುಳಿಗೆಗಳ ಸ್ಟ್ರಿಪ್ಪನ್ನು ಹೊರಗೆಳೆದರು. "ಇವೇ ನೋಡ್ರಿ ಅಪ್ಪೋರೆ. ಆವತ್ತು ಇವನ್ನ ನುಂಗೇ ನಮ್ಮಣ್ಣನ ಹೆಗಲ ಮ್ಯಾಲ ಬಿದ್ದಿದ್ದ."

"ಅತ್ತೀ, ಆವತ್ತಿಂದು ಬ್ಯಾರೆ. ಇದು ಔಷಧ ಅದ."

"ನಮ್ಮ ಯಜಮಾನ್ರೂ ಹಂಗೇ ಅಂತಿದ್ರು."

ಸ್ವಾಮಿಗಳು ವಾತ್ಸಲ್ಯದಿಂದ ಜೋಳಿಗೆಯನ್ನು ಇನ್ನಷ್ಟು ಅಗಲ ಮಾಡಿದರು. "ಇದನ್ನೂ ಬಿಡ್ತೀಯೇನಪ್ಪಾ?"

ಬಾಗಿಲಿನ ಮರೆಯಲ್ಲಿ ಮಲ್ಲಿಕಾ ಬೇಡವೆಂಬಂತೆ ತಲೆಯಾಡಿಸಿದಳು. ಅರವತ್ತು ಜನ ಹೂಂ ಎಂಬಂತೆ ತಲೆಯಾಡಿಸಿದರು. ಶಿವಶರಣನು ಅರವತ್ತನ್ನು ಒಂದರೊಡನೆ ಹೋಲಿಸಿ ನೋಡಿದನು.

"ಬಿಡ್ತೀನ್ರಿ," ಎಂದನು.

ಮದುವೆಗೆ ಹನ್ನೊಂದು ದಿನಗಳ ನಂತರದ ತಿಥಿ ನಿಶ್ಚಯವಾಯಿತು. ಮರುದಿನ ಸ್ಥಳೀಯ ಪತ್ರಿಕೆಯೊಂದರ ಒಳಪುಟದಲ್ಲಿ 'ಆರು ವರ್ಷದ ಕುಡಿತ ತ್ಯಜಿಸಿದ ಪದವೀಧರ' ಎಂಬ ಸುದ್ದಿ ಚಿತ್ರಸಮೇತ ಬಂತು. ಪ್ರಾಂಶುಪಾಲರು ಶಿವಶರಣನನ್ನು ಕರೆಸಿ ಹೃತ್ಪೂರ್ವಕವಾಗಿ ಅಭಿನಂದಿಸಿ, ಸ್ಪಿರಿಟ್ ಇಟ್ಟಿದ್ದ ಕಪಾಟಿನ ಕೀಲಿಕೈಯನ್ನು ಅವನಿಂದ ವಾಪಸು ಪಡೆದರು. ಸಿಕಂದರ್ ಅಂಗಡಿಯಲ್ಲಿ ಅವನಿಗೆ ಬೆನ್ನು ಮಾಡಿ ಗುಳಿಗೆಯ ಡಬ್ಬಿಗಳನ್ನು ಜೋಡಿಸಿದನು.

"ಆರು ವರ್ಷ, ಭಾಯ್," ಎಂದನು ಕೊನೆಗೆ. "ಒಂದ್ ಸಲರ ನನ್ನ ಕರಿಬೇಕು ಅನ್ನಸ್ಲಿಲ್ಲ?"

"ಸಿಕಂದರ್, ನಾ ಕುಡಿಯಂಗಿಲ್ಲೋ."

"ಈಗ ಬಿಟ್ಟೀದಿ, ಪೇಪರಿನ್ಯಾಗ ಓದೀನಿ. ಗುಳಿಗಿ ಒಯ್ತೀಯೇನು?"

"ಆಣಿ ಮಾಡೀನಿ. ಚಟ ಸುಳ್ಳಿದ್ರೂ ಆಣಿ ಖರೇ ಅದ."

ಮದುವೆಯ ದಿನ ಮುಹೂರ್ತ ಹನ್ನೊಂದು ನಲವತ್ತಕ್ಕೆ. ಹನ್ನೊಂದು ಗಂಟೆಗೆ ಬಾಸಿಂಗದ ಕೆಳಗೆ, ಬಲಗಿವಿಯ ಹಿಂದೆ, ಮೊದಲ ಗಂಧೆ ಎದ್ದಿತು. ಐದು ನಿಮಿಷದಲ್ಲಿ ಅದು ಕೆನ್ನೆಗಿಳಿಯಿತು. ಹತ್ತು ನಿಮಿಷದಲ್ಲಿ ವರನ ಮೇಲ್ದುಟಿ ಬಾಸಿಂಗದ ಮುತ್ತುಗಳನ್ನು ಮುಟ್ಟಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಪಿಸುಮಾತು ಹುಟ್ಟಿ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ದೊಡ್ಡದಾಯಿತು. ಯಾರೋ ರೋಗವೆಂದರು. ಯಾರೋ ಬಾಳೆಹಣ್ಣು ಎಂದರು. ಶಾರದಾಬಾಯಿ ಕಣ್ಣು ಮುಚ್ಚಿ ಕೈಮುಗಿದು ಕುಳಿತರು. ಸೂಗಪ್ಪನವರ ಮುಖ ಬಿಳಿಚಿಕೊಂಡಿತು. ಮೂರನೆಯ ಸಂಬಂಧವು ಸೂಗಪ್ಪನವರ ಮನೆಯಂಗಳದ ಹಂದರದ ಕೆಳಗೆ, ಐನೂರು ಜನರ ಮುಂದೆ ಮುರಿಯಲು ಸಿದ್ಧವಾಯಿತು.

ಆಗ ವಿದ್ಯಾವತಿಯವರು ವೇದಿಕೆ ಹತ್ತಿ ವರನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಪರೀಕ್ಷಿಸಿದರು. ಅವರ ಕಣ್ಣು ತುಂಬಿ ಬಂತು.

"ಯಾರೂ ಗಾಬರಿ ಆಗಬ್ಯಾಡ್ರಿ," ಎಂದರು ಸಭೆಗೆ. "ಬಿಟ್ಟಾನಲ್ಲ, ಅದಕ್ಕ. ನಮ್ಮ ಯಜಮಾನ್ರು ಒಂದ್ ಸಲ ಎರಡು ದಿವಸ ಬಿಟ್ಟಿದ್ರು, ಇಡೀ ಮೈ ನಡಗಿತ್ತು. ಇಂವ ದಿನಾ ಅರ್ಧ ಲೀಟರ್ ಕುಡಿಯವ. ಪಾಪ, ಒಳಗ ಕೂತಿದ್ದು ಈಗ ಹೊರಗ ಬರಾಕತ್ತದ."

ಹಂದರದ ತುಂಬ ಒಂದು ನಿಟ್ಟುಸಿರು ಹರಡಿತು. ಎಲ್ಲರಿಗೂ ತಿಳಿಯಿತು. ನಲವತ್ತೊಂದು ಪುಟಗಳಿಗೆ, ಮೂರು ರಕ್ತಪರೀಕ್ಷೆಗಳಿಗೆ, ಒಬ್ಬ ತಜ್ಞ ವೈದ್ಯೆಗೆ ದಕ್ಕದ ಕಾರಣ ಕೊನೆಗೂ ಸಿಕ್ಕಿತ್ತು, ಮತ್ತು ಅದಕ್ಕೆ ಐನೂರು ಜನರ ಒಮ್ಮತವಿತ್ತು.

ಸೂಗಪ್ಪನವರು ಅಳಿಯನ ಕೈಹಿಡಿದು, ಬಟ್ಟೆ ಸರಿಮಾಡಿಸುವ ನೆಪದಲ್ಲಿ, ಹಣ್ಣು ಮಾಗಿಸುವ ಕೋಣೆಗೆ ಕರೆದುಕೊಂಡು ಹೋದರು. ಗೊನೆಗಳ ಹಿಂದಿನಿಂದ ಒಂದು ಸ್ಟೀಲಿನ ತಂಬಿಗೆ ತೆಗೆದರು.

"ಒಮ್ಮಿಗೇ ಬಿಡಬಾರದು ಅಳಿಯದೇವ್ರ. ನನ್ನ ನೋಡ್ರಿ. ಮೂರು ಸಲ ಜೋಳಿಗಿಗೆ ಹಾಕೀನಿ, ಒಂದ್ ಸಲನೂ ಮೈಮ್ಯಾಲ ಒಂದ್ ಗಂಧಿ ಎದ್ದಿಲ್ಲ. ಯಾಕಂದ್ರ ಅದೇ ಸಂಜಿಕ ಜರಾ ತಗೋತಿದ್ದೆ. ಎರಡು ಗುಟುಕು ತಗೋರಿ, ಇಳೀತದ."

"ಮಾವ್ರ, ಇದರಿಂದ ಗಂಧಿ ಹೆಚ್ಚಾಗ್ತಾವ್ರಿ. ನಾ ಖರೇನೇ ಒಂದ್ ಹನಿನೂ ಕುಡಿದವ ಅಲ್ಲ."

"ನನ್ನ ಮುಂದ ಎದಕ್ಕ ನಾಚಿಕಿ?"

ಬಾಗಿಲ ಸಂದಿನಿಂದ ಹಂದರ ಕಾಣುತ್ತಿತ್ತು. ಮಲ್ಲಿಕಾ ಒಬ್ಬಳೇ ಕುಳಿತಿದ್ದಳು. ಪುರೋಹಿತರು ಗಡಿಯಾರ ನೋಡುತ್ತಿದ್ದರು. ಮುಹೂರ್ತಕ್ಕೆ ಹನ್ನೆರಡು ನಿಮಿಷವಿತ್ತು, ಮಾವನವರು ಬಾಗಿಲಿಗೆ ಅಡ್ಡ ನಿಂತಿದ್ದರು. ಶಿವಶರಣನು ಮೂಗು ಹಿಡಿದು ಎರಡು ಗುಟುಕು ನುಂಗಿದನು. ಅದು ಗಂಟಲಿನಿಂದ ಹೊಟ್ಟೆಯವರೆಗೆ ಇಳಿದ ಹಾದಿಯನ್ನು ಅವನು ಸೆಂಟಿಮೀಟರು ಸೆಂಟಿಮೀಟರಾಗಿ ಅರಿತನು.

ಹನ್ನೊಂದು ನಲವತ್ತಕ್ಕೆ ತಾಳಿ ಕಟ್ಟಲಾಯಿತು. ಗೌಸಿಯಾ ಅವರು ಹೇಳಿದ್ದಂತೆ ಗಂಧೆಗಳು ತಾವಾಗಿ ಎದ್ದು ತಾವಾಗಿ ಇಳಿಯುವಂಥವು. ಯಾರ ಅಪ್ಪಣೆಗೂ ಕಾಯುವಂಥವಲ್ಲ. ಅವು ತಮ್ಮ ಹೊತ್ತಿಗೆ ಸರಿಯಾಗಿ, ಊಟದ ಪಂಕ್ತಿ ಕೂಡುವಷ್ಟರಲ್ಲಿ, ಒಂದು ಗುರುತೂ ಉಳಿಸದೆ ಇಳಿದುಹೋದವು. ಸೂಗಪ್ಪನವರು ಅಳಿಯನ ನುಣುಪಾದ ಕೆನ್ನೆಯನ್ನು ಪಂಕ್ತಿಯುದ್ದಕ್ಕೂ ಬೀಗರಿಗೆ ತೋರಿಸಿದರು. ವಿದ್ಯಾವತಿಯವರು ಅವನ ಬಾಯಿಯ ಹತ್ತಿರ ಮೂಗು ಒಯ್ದು, ಅಣ್ಣನ ಕಡೆ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದರು.

"ಕಾರಣನೂ ಸಿಕ್ತು, ಔಷಧನೂ ಸಿಕ್ತು," ಎಂದರು. "ಇಷ್ಟಕ್ಕ ಈ ಹುಡುಗ ಕಲಬುರಗಿ ಎಲ್ಲಾ ತಿರಗ್ಯಾನ."

ಪಕ್ಕದಲ್ಲಿ ಕುಳಿತಿದ್ದ ಮಲ್ಲಿಕಾ ಬಾಯಿ ತೆರೆಯಬೇಡಿ ಎಂಬಂತೆ ಅವನ ಕೈಯನ್ನು ಒತ್ತಿದಳು. ಆದರೆ ಶಿವಶರಣನಿಗೆ ತಡೆದುಕೊಳ್ಳುವುದು ಸಾಧ್ಯವಾಗಲಿಲ್ಲ. ಕಣ್ಣಲ್ಲಿ ನೀರಿದ್ದರೂ ಅವನ ಮಾತು ಸ್ಪಷ್ಟವಾಗಿತ್ತು.

"ಒಂದೇ ಸಲದ ಪ್ರಯೋಗದಿಂದ ಏನೂ ಸಿದ್ಧ ಆಗಂಗಿಲ್ರೀ ಮಾವ್ರ."

ಸೂಗಪ್ಪನವರು ಈ ಮಾತನ್ನು ಗಂಭೀರವಾಗಿ ಆಲೋಚಿಸಿದರು. ಅನಂತರ ಸುತ್ತಲೂ ಒಮ್ಮೆ ನೋಡಿ, ಅಳಿಯನ ತೋಳು ಹಿಡಿದು ಎಲೆಯ ಮುಂದಿನಿಂದ ಎಬ್ಬಿಸಿದರು.

"ಖರೇ ಹೇಳಿದ್ರಿ," ಎಂದರು. "ಬರ್ರಿ, ಇನ್ನೊಂದ್ ಸಲ ಮಾಡಿ ನೋಡೋಣು."